ಕೆಂಪು ಚಿಗುರಿನ ಅಂಜೂರ

ಟೇಕಲ್
೧೯-೧-೧೯೪೧

ಬೀಗರಾದ ಚನ್ನರಾಯಪ್ಪನವರಿಗೆ ಅಶ್ವತ್ಥಪ್ಪನ ನಮಸ್ಕಾರ.

ನಮ್ಮ ಭಾರತಿ ನಿಮ್ಮ ಮನೆ ಸೇರಿದ ಮೇಲೆ ಇದು ಮೊದಲ ಸಂಕ್ರಾಂತಿ. ಎಳ್ಳುಬೆಲ್ಲ ಕಳಿಸುವುದು ತಡವಾಯಿತು. ಹೆಂಗಸಿಲ್ಲದ ಮನೆಯ ಹಬ್ಬ ಹೀಗೇ, ಮನಸ್ಸಿಗೆ ಹಾಕಿಕೊಳ್ಳಬೇಡಿ. ಈ ಕಾಗದ ತಂದ ಪೆದ್ದಪ್ಪನ ಕೈಲಿ ಎಳ್ಳುಬೆಲ್ಲದ ಗಂಟಿನ ಜೊತೆ ಒದ್ದೆ ಗೋಣಿಯಲ್ಲಿ ಸುತ್ತಿದ ಮೂರು ಕಡ್ಡಿಗಳಿವೆ. ಸೌದೆ ಎಂದು ಒಲೆಗೆ ಇಟ್ಟುಬಿಟ್ಟೀರಿ. ಅವು ನಮ್ಮ ಹಿತ್ತಲ ಅಂಜೂರದ ಕಡ್ಡಿ.

ಈ ಮರದ ಸಮಾಚಾರ ನಿಮಗೆ ಹೇಳಬೇಕು. ನನ್ನ ಶಾಮಲ ಮದುವೆಯಾಗಿ ಆವನಿಯಿಂದ ಬಂದಾಗ ಗಾಡಿಯಲ್ಲಿ ತೊಡೆಯ ಮೇಲೆ ಒದ್ದೆ ಬಟ್ಟೆಯ ಗಂಟೊಂದನ್ನು ಇಟ್ಟುಕೊಂಡಿದ್ದಳು. ಒಡವೆ ಇರಬಹುದೆಂದು ನಮ್ಮವ್ವ ಆಸೆಯಿಂದ ಬಿಚ್ಚಿ ನೋಡಿದರೆ ಒಂದು ಕಡ್ಡಿ! ಅವಳ ತವರಿನ ಪದ್ಧತಿ ಅದು: ಒಂದು ಹಿತ್ತಲಿಗೆ ಒಂದೇ ಅಂಜೂರ, ಮಗಳು ಹೊರಟಾಗ ಅವಳ ಜೊತೆ ಒಂದು ಕಡ್ಡಿ. ಆ ಕಡ್ಡಿ ನಮ್ಮ ಬಚ್ಚಲ ಹಿಂದೆ ಬೆಳೆದು ಮರವಾಯಿತು. ಆವನಿಯ ತಾಯಿಮರ ಒಣಗಿ ಎಷ್ಟೋ ವರ್ಷವಾಯಿತು. ಶಾಮಲ ಹೋಗಿ ಎರಡು ವರ್ಷ. ಈಗ ಉಳಿದಿರುವುದು ಇದೊಂದೇ ಮರ, ಇದಕ್ಕೇನಾದರೂ ಆದರೆ ಅವಳ ಕೈಯದು ಅಂತ ಇನ್ನೇನೂ ಇಲ್ಲ. ಭಾರತಿಯ ಮದುವೆ ವೈಶಾಖದ ಬಿಸಿಲಲ್ಲಿ ಆದ್ದರಿಂದ ಕಡ್ಡಿ ಕೊಡಲಾಗಲಿಲ್ಲ. ಎಲೆ ಉದುರಿ ಮರ ಸುಮ್ಮನಿರುವ ಈ ಕಾಲದಲ್ಲೇ ಕತ್ತರಿಸಬೇಕು. ಹಾಗಾಗಿ ಈಗ ಕಳಿಸುತ್ತಿದ್ದೇನೆ.

ಕಡ್ಡಿಯ ಕೆಳಗಿನ ತುದಿಯನ್ನು ಓರೆಯಾಗಿ ಚೂಪಾಗಿ ಕತ್ತರಿಸಿದ್ದೇನೆ, ಮೇಲಿನದನ್ನು ನೇರವಾಗಿ. ತಲೆಕೆಳಗು ನೆಡಬಾರದು ನೋಡಿ, ಅದಕ್ಕೆ. ಕತ್ತರಿಸಿದಲ್ಲಿ ಸುರಿದ ಹಾಲು ನೆರಳಲ್ಲಿ ಆರಿಸಿಯೇ ಕಳಿಸಿದ್ದೇನೆ. ಕೆಮ್ಮಣ್ಣಿಗೆ ಮರಳು ಬೆರೆಸಿ, ಎರಡು ಗೆಣ್ಣು ಮಾತ್ರ ಮೇಲೆ ಕಾಣುವ ಹಾಗೆ ಹೂಳಿ. ಗೊಬ್ಬರ ಬೇಡ. ನೀರು ಮಣ್ಣು ತಂಪಾಗುವಷ್ಟು ಸಾಕು, ಹೆಚ್ಚಾದರೆ ಕೊಳೆಯುತ್ತದೆ.

(ಎರಡನೆಯ ಪುಟ ನೋಡಿ.)

ಚಿಗುರು ಬಂದಾಗ ಗುರುತು ಹಿಡಿಯುವುದು ಸುಲಭ. ಎಳೆಯದರಲ್ಲೇ ಹಸಿರು, ಮುಟ್ಟಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಇನ್ನೊಂದು ಸೋಜಿಗ, ಈ ಮರದಲ್ಲಿ ಹೂ ಕಾಣುವುದೇ ಇಲ್ಲ, ಕೊಂಬೆಯಿಂದ ನೇರವಾಗಿ ಕಾಯಿ. ಶಾಮಲ ಹೇಳುತ್ತಿದ್ದಳು, "ನಮ್ ಮರಕ್ಕೆ ನಾಚಿಕೆ ಜಾಸ್ತಿ ಕಣ್ರೀ, ಹೂನ ಹೊಟ್ಟೇಲೇ ಬಚ್ಚಿಟ್ಕೊಳ್ತದೆ."

ಭಾರತಿಗೆ ಆಶೀರ್ವಾದ. ಅವಳು ಅತ್ತರೆ ಬರೆಯಿರಿ. ಅಳದಿದ್ದರೂ ಬರೆಯಿರಿ.

ನಿಮ್ಮವ,
ಅಶ್ವತ್ಥಪ್ಪ


ಶ್ರೀನಿವಾಸಪುರ
೨-೨-೧೯೪೧

ಬೀಗರಿಗೆ ಚನ್ನರಾಯಪ್ಪನ ನಮಸ್ಕಾರ.

ಎಳ್ಳುಬೆಲ್ಲ ಬಂತು, ಕಡ್ಡಿ ಬಂತು, ಅವುಗಳ ಹಿಂದೆಯೇ ಬುದ್ಧಿವಾದವೂ ಬಂತು. ಅಲ್ಲ ಬೀಗರೇ, ಶ್ರೀನಿವಾಸಪುರದ ಮಾವಿನ ತೋಪಿನವನಿಗೆ ಗಿಡ ನೆಡುವುದು ಹೇಗೆಂದು ಎರಡು ಪುಟ ಬರೆದಿರಲ್ಲ, ಮದುವೆಯಲ್ಲಿ ನಿಮ್ಮ ಪಾಯಸ ನೀರಾಗಿತ್ತು ಎಂದು ನಾನಂದದ್ದಕ್ಕೆ ಇದು ಸೇಡೇ? ನಮ್ಮ ತಾತ ಬಾದಾಮಿ ಕಸಿ ಕಟ್ಟಿದವನು. ನಾನು ಮಲಗೋವ, ರಸಪುರಿ ಎಲ್ಲವನ್ನೂ ಹಾಲು ಕುಡಿಸಿದ ಮಕ್ಕಳ ಹಾಗೆ ಸಾಕಿದವನು. ಮೊದಲ ಪುಟ ಓದುವಾಗಲೇ ನಗು ತಡೆಯಲಾಗಲಿಲ್ಲ. ಎರಡನೆಯದನ್ನು ಪುರಸೊತ್ತಾದಾಗ ಓದೋಣವೆಂದು ಸೂರಿಗೆ ಸಿಕ್ಕಿಸಿದ್ದೇನೆ.

ತೋಪಿನ ನಟ್ಟನಡುವೆ, ಮಲಗೋವ ಮರದ ಪಕ್ಕ, ಸೊಂಟದಾಳ ಗುಂಡಿ ತೆಗೆಸಿದೆ. ಎರಡು ಗಾಡಿ ಕೊಟ್ಟಿಗೆ ಗೊಬ್ಬರ. ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು. ನಿಮ್ಮ ಮರ ಟೇಕಲ್ಲಿನಲ್ಲಿ ಬಚ್ಚಲ ನೀರು ಕುಡಿದುಕೊಂಡಿತ್ತು, ಪಾಪ. ಇಲ್ಲಿ ರಾಜೋಪಚಾರ. ದಪ್ಪಗಿದ್ದ ಎರಡನ್ನು ಹಾಕಿದ್ದೇನೆ. ಮೂರನೆಯದು ಸಣಕಲು, ನಮ್ಮ ಮನೆಯಾಕೆ ಮುನಿಗಂಗಮ್ಮನ ಕೈಗೆ ಕೊಟ್ಟು ಏನಾದರೂ ಮಾಡಿಕೋ ಎಂದೆ. ತೋಪಿನ ಅಂಜೂರದ ಹತ್ತಿರ ಮಾತ್ರ ಹೆಂಗಸರು ಸುಳಿಯಕೂಡದು, ಇದು ಬೀಗರು ನನ್ನನ್ನು ನಂಬಿ ಕಳಿಸಿದ್ದು ಎಂದು ಹೇಳಿದ್ದೇನೆ.

ನಿಮ್ಮ ಮಗಳು ಅಳುವುದಿಲ್ಲ. ಅತ್ತೆಯನ್ನು ನಗಿಸುತ್ತಾಳೆ, ಅದು ನಮಗೆ ಹೊಸದು. ಶಾಮಲಮ್ಮನವರ ವಿಷಯ ಓದಿದೆ. ಆ ಮರದ ಯೋಚನೆ ನನಗೆ ಬಿಡಿ.

ಚನ್ನರಾಯಪ್ಪ


ಟೇಕಲ್
೧೦-೨-೧೯೪೧

ಬೀಗರೇ,

ನಿಮ್ಮ ಕಾಗದ ಓದಿ ಎದೆ ಧಸಕ್ಕೆಂದಿತು. ಕೊಡಗಟ್ಟಲೆ ಬೇಡ, ನಿಮ್ಮ ಕೈ ಮುಗಿಯುತ್ತೇನೆ. ಹಿಪ್ಪುನೇರಳೆ ಕಡ್ಡಿ ಹಾಕುವ ನಮ್ಮಂಥವರಿಗೆ ಇದೊಂದು ಗೊತ್ತು, ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಮುಳುಗುತ್ತದೆ. ಗೊಬ್ಬರ ಬಿಸಿಯಾಗಿ ಸುಡುತ್ತದೆ. ಆ ಗುಂಡಿಯಿಂದ ತೆಗೆದು ನೆರಳಲ್ಲಿ ಒಂದು ಕುಂಡಕ್ಕೆ ಹಾಕಿ. ಬೇರು ಬಂತೇ ಎಂದು ದಿನಾ ಕಿತ್ತು ನೋಡಬೇಡಿ.

ಚಿಗುರಿದ ದಿನವೇ ಒಂದು ಕಾರ್ಡು ಹಾಕಿ. ಅಂಚೆಯವನು ನಮ್ಮ ಬೀದಿಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೇನೆ, ಮಗಳ ಮನೆಯ ಕಾಗದಕ್ಕೋ ಕಡ್ಡಿಯ ಸುದ್ದಿಗೋ ನನಗೇ ತಿಳಿಯದು.

ಅಶ್ವತ್ಥಪ್ಪ


ಶ್ರೀನಿವಾಸಪುರ
೩೦-೩-೧೯೪೧

ಬೀಗರಿಗೆ ಯುಗಾದಿಯ ನಮಸ್ಕಾರ.

ಉತ್ತರ ತಡವಾಯಿತು. ತೋಪಿನಲ್ಲಿ ಮಾವು ಈಚುಗಾಯಿ ಕಟ್ಟುವ ಕಾಲ, ವ್ಯಾಪಾರಿಗಳ ಕಾಟ, ನನ್ನ ಕಾಲು ನೋವು, ಎಲ್ಲ ಒಟ್ಟಿಗೆ ಬಂತು.

ಚಿಗುರಿದೆ! ಎರಡೂ ಚಿಗುರಿವೆ. ಏನು ಚಿಗುರು ಬೀಗರೇ, ಹುಣಿಸೆಹಣ್ಣು ಹಾಕಿ ಉಜ್ಜಿಟ್ಟ ತಾಮ್ರದ ಚೊಂಬಿನ ಹಾಗೆ ಕೆಂಪಗೆ, ಬಿಸಿಲಿಗೆ ಹಿಡಿದರೆ ಫಳಫಳ. ಮುಟ್ಟಿದರೆ ಮಗುವಿನ ಕೆನ್ನೆ. ಬೇವುಬೆಲ್ಲ ತಿಂದ ಬಾಯಲ್ಲೇ ಹೇಳುತ್ತಿದ್ದೇನೆ, ಸುಳ್ಳಲ್ಲ. ನಿಮ್ಮ ಎದೆ ಇನ್ನು ಧಸಕ್ಕೆನ್ನಬೇಕಾಗಿಲ್ಲ.

ನೋಡಲು ಬರುತ್ತೀರೇನೋ. ಈಗ ಬೇಡ. ಬಿಸಿಲು ಜೋರು, ಕೋಲಾರದಿಂದ ಬರುವ ಬಸ್ಸು ದಾರಿಯಲ್ಲಿ ಮೂರು ಕಡೆ ಕೆಡುತ್ತದೆ.

ಚನ್ನರಾಯಪ್ಪ


ಟೇಕಲ್
೧೨-೪-೧೯೪೧

ಬೀಗರೇ,

ಕಾರ್ಡು ಬಂತು. ಎರಡು ಸಲ ಓದಿದೆ. ಆಮೇಲೆ ಹಿತ್ತಲಿಗೆ ಹೋಗಿ ನಮ್ಮ ಮರವನ್ನು ನೋಡಿಕೊಂಡು ಬಂದು ಮೂರನೆಯ ಸಲ ಓದಿದೆ.

ಚಿಗುರು ಕೆಂಪಗಿದೆಯೇ? ಮಗುವಿನ ಕೆನ್ನೆಯಂತಿದೆಯೇ? ನಮ್ಮ ಮರ ಇಷ್ಟು ವರ್ಷದಲ್ಲಿ ನನಗೆ ಅಂಥ ಭಾಗ್ಯ ತೋರಿಸಲೇ ಇಲ್ಲ. ನಿಮ್ಮ ಗೊಬ್ಬರದ ಗುಣವೇ ಇರಬೇಕು. ಬಹಳ ಸಂತೋಷ. ಇಷ್ಟು ಚೆನ್ನಾಗಿ ಚಿಗುರಿದ ಮೇಲೆ ಹೂವೂ ಜೋರಾಗಿಯೇ ಬಿಡುತ್ತದೆ. ಹೂ ಬಿಟ್ಟಾಗ ಮರೆಯದೆ ಬರೆಯಿರಿ. ಅದರ ಪರಿಮಳ ಹೇಗಿರುತ್ತದೆಂದು ತಿಳಿಯಲು ಆಸೆ.

ನಿಮ್ಮ ಕಾಲು ನೋವಿಗೆ ಲಕ್ಕಿ ಸೊಪ್ಪಿನ ಶಾಖ ಕೊಡಿ. ಚಿಂತೆ ಹಚ್ಚಿಕೊಳ್ಳಬೇಡಿ, ಯಾವುದಕ್ಕೂ.

ಅಶ್ವತ್ಥಪ್ಪ


ಶ್ರೀನಿವಾಸಪುರ
೮-೨-೧೯೪೨

ಬೀಗರಿಗೆ ನಮಸ್ಕಾರ.

ನೀವು ಕಾಯುತ್ತಿದ್ದ ಸುದ್ದಿ. ಅಂಜೂರ ಹೂ ಬಿಟ್ಟಿದೆ. ಗೊಂಚಲು ಗೊಂಚಲು, ತುದಿ ತುದಿಗೆ. ಬೆಳಗಿನ ಹೊತ್ತು ತೋಪಿಗೆ ಹೋದರೆ ಪರಿಮಳ ಮೂಗಿಗೆ ಬಡಿಯುತ್ತದೆ, ಜೇನುಹುಳು ಬಿಟ್ಟು ಹೋಗವು. ಈ ಸಲ ಇಬ್ಬನಿ ಬಿದ್ದು ಮಾವಿನ ಹೂ ಕರಕಲಾಯಿತು, ಆದರೆ ನಿಮ್ಮ ಅಂಜೂರದ ಹೂವಿಗೆ ಏನೂ ಆಗಿಲ್ಲ. ಗಟ್ಟಿ ಜಾತಿ.

ಬಂದು ನೋಡಿ ಎನ್ನಲು ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಈಗ ಇದ್ದಿಲ ಬಸ್ಸು. ದಿಣ್ಣೆ ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಯುದ್ಧ ಮುಗಿಯಲಿ.

ಚನ್ನರಾಯಪ್ಪ


ಟೇಕಲ್
೨೨-೨-೧೯೪೨

ಬೀಗರೇ,

ನಿಮ್ಮ ಕಾಗದ ಬಂದ ದಿನ ತಮ್ಮ ಕೋದಂಡರಾಮಪ್ಪ ಮನೆಯಲ್ಲಿದ್ದ. ಅವನಿಗೂ ಓದಿ ಹೇಳಿದೆ. ಅವನು ನಕ್ಕು ನಕ್ಕು ಕೆಮ್ಮಿದ. ಸಂತೋಷಕ್ಕೆ ಅನ್ನಿ.

ಒಂದು ಬೇಡಿಕೆ. ಆ ಹೂವಿನದೊಂದು ಎಸಳನ್ನು ಮುಂದಿನ ಕಾಗದದ ಒಳಗಿಟ್ಟು ಕಳಿಸುತ್ತೀರಾ? ಶಾಮಲಳ ಪಟದ ಮುಂದೆ ಇಡುತ್ತೇನೆ. ತನ್ನ ಮರದ ಹೂವನ್ನು ಅವಳು ಕಂಡವಳೇ ಅಲ್ಲ.

ಗೌರಿ ಹಬ್ಬಕ್ಕೆ ಭಾರತಿ ಬಂದಿದ್ದಾಗ ಗಿಡ ಹೇಗಿದೆಯಮ್ಮ ಎಂದು ಕೇಳಿದ್ದೆ. "ನಮ್ ಮಾವನ್ನೇ ಕೇಳಪ್ಪ, ತೋಪಿನ ಅಂಜೂರದ ಕಡೆ ನಾವು ಹೋಗೋ ಹಾಗಿಲ್ಲ" ಅಂತ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ನಿಮ್ಮ ಮಾತೆಂದರೆ ಅವಳಿಗೆ ಅಷ್ಟು ಗೌರವ. ಅದು ನನಗೆ ಎಲ್ಲ ಹೂವಿಗಿಂತ ಹೆಚ್ಚು, ನಿಜವಾಗಿ ಹೇಳುತ್ತೇನೆ.

ಅಶ್ವತ್ಥಪ್ಪ


ಶ್ರೀನಿವಾಸಪುರ
೧೫-೩-೧೯೪೨

ಬೀಗರಿಗೆ,

ಹೂವೆಲ್ಲ ಗಾಳಿಗೆ ಉದುರಿತು. ಒಂದೂ ಉಳಿಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಬೇರೆಲ್ಲ ಕ್ಷೇಮ. ಈ ವರ್ಷ ಮಾವಿನಹಣ್ಣು ಎರಡು ಬುಟ್ಟಿ ಹೆಚ್ಚು ಕಳಿಸುತ್ತೇನೆ.

ಚನ್ನರಾಯಪ್ಪ


ಟೇಕಲ್
೫-೧೨-೧೯೪೩

ಬೀಗರಾದ ಚನ್ನರಾಯಪ್ಪನವರಿಗೆ ನಮಸ್ಕಾರ.

ಬಹಳ ದಿನವಾಯಿತು ನಿಮಗೆ ಸರಿಯಾಗಿ ಒಂದು ಕಾಗದ ಬರೆದು. ನೀವು ಕಳಿಸುವ ಹಣ್ಣಿನ ಬುಟ್ಟಿಗೆ ನಾನೊಂದು ಕಾರ್ಡು ಹಾಕುವುದು, ಅಷ್ಟರಲ್ಲೇ ಎರಡು ವರ್ಷ ಕಳೆದೆವು.

ದಸರೆಗೆಂದು ಆವನಿಗೆ ಹೋಗಿದ್ದೆ, ಶಾಮಲಳ ತಮ್ಮ ಆವಲಪ್ಪನ ಮನೆಗೆ. ಅಲ್ಲಿ ಚಳಿಜ್ವರ ಹಿಡಿದು ದೀಪಾವಳಿ ಕಳೆಯುವವರೆಗೂ ಏಳಲಿಲ್ಲ. ಭಾರತಿಗೆ ತಿಳಿಸಬೇಡಿರೆಂದು ನಾನೇ ಹೇಳಿದ್ದೆ. ಅವಳು ಹೆದರುತ್ತಾಳೆ. ಈಗ ಗುಣವಾಗಿದ್ದೇನೆ.

ನಾನಿಲ್ಲದಾಗ ಇಲ್ಲಿ ಮಳೆ ಹಿಡಿದುಕೊಂಡು, ನೆನೆದ ಬಚ್ಚಲ ಗೋಡೆ ಅಂಜೂರದ ಮೇಲೆ ಬಿತ್ತು. ಮರ ಬುಡಸಮೇತ ಕಿತ್ತು ಬಂತಂತೆ. ಜ್ವರದಿಂದ ಎದ್ದು ಬಂದವನು ಅದನ್ನು ನೋಡಬಾರದೆಂದು ಕೋದಂಡರಾಮಪ್ಪ ಎಲ್ಲ ಕಡಿಸಿ, ಬೇರು ಅಗೆಸಿ, ಹೊಸ ಗೋಡೆಯನ್ನೂ ಎಬ್ಬಿಸಿಬಿಟ್ಟಿದ್ದಾನೆ. ನನ್ನ ಮೇಲಿನ ಪ್ರೀತಿಗೆ ಮಾಡಿದ್ದು, ಅವನನ್ನು ಏನೆನ್ನಲಿ? ಸೌದೆ ರಾಶಿಯಲ್ಲಿದ್ದ ಕೊಂಬೆಗಳನ್ನೆಲ್ಲ ಉಗುರಿನಿಂದ ಕೆರೆದು ನೋಡಿದೆ. ಎಲ್ಲಾದರೂ ಹಸಿರಿದ್ದರೆ ಎಂದು. ಇರಲಿಲ್ಲ. "ಅಣ್ಣಾ, ಒಂದು ಮರಕ್ಕೆ ಇಷ್ಟೊಂದಾ?" ಅಂದ. ಕೆರೆದದ್ದನ್ನೇ ಇನ್ನೊಮ್ಮೆ ಕೆರೆದೆ.

ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದರೆ ಆ ಜಾಗದಲ್ಲಿ ಬೆಳಕು ಹೆಚ್ಚಾಗಿದೆ. ಆ ಬೆಳಕು ಕಂಡರೆ ನನಗಾಗದು. ಶಾಮಲ ಹೋದಾಗ ನಾನು ಇಷ್ಟು ಅಳಲಿಲ್ಲ. ಮರ ಇದೆಯಲ್ಲ ಎಂದುಕೊಂಡಿದ್ದೆನೇನೋ.

ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಎನಿಸಿತು, ಬರೆದೆ. ಭಾರತಿಗೆ ನಿಧಾನವಾಗಿ ತಿಳಿಸಿ. ನಿಮ್ಮ ಕಾಲು ನೋವು ಹೇಗಿದೆ?

ಅಶ್ವತ್ಥಪ್ಪ


ಶ್ರೀನಿವಾಸಪುರ
೧೩-೧೨-೧೯೪೩

ಬೀಗರೇ,

ನಿಮ್ಮ ಕಾಗದವನ್ನು ಜಗಲಿಯ ಮೇಲೆ ಕೂತು ಓದಿದೆ. ಮುಗಿದ ಮೇಲೆ ತಿರುಗಿಸಿ ಹಿಂದೆ ನೋಡಿದೆ, ಏನಾದರೂ ಬರೆದಿದ್ದೀರಾ ಎಂದು. "ನಿಮ್ಮ ತೋಪಿನ ಗಿಡದಿಂದ ಒಂದು ಕಡ್ಡಿ ಕಳಿಸಿ" ಎಂಬ ಒಂದು ಸಾಲಾದರೂ ಇದ್ದೀತೆಂದು. ಯಾರಾದರೂ ಮೊದಲು ಅದನ್ನೇ ಕೇಳುತ್ತಾರೆ. ನೀವು ಕೇಳಿರಲಿಲ್ಲ. ನನ್ನ ಕಾಲು ನೋವು ಕೇಳಿದ್ದೀರಿ!

ಎದ್ದು ಹೋಗಿ ಸೂರಿನಲ್ಲಿ ಸಿಕ್ಕಿಸಿದ್ದ ನಿಮ್ಮ ಎರಡನೆಯ ಪುಟ ತೆಗೆದೆ. ಹೊಗೆ ಹಿಡಿದು ಕಂದಾಗಿತ್ತು. ಹಸಿರು ಚಿಗುರು, ಬೆಕ್ಕಿನ ನಾಲಿಗೆ, ಹೂ ಕಾಣದ ಮರ. ಓದಿ ಅಲ್ಲೇ ಒರಳುಕಲ್ಲಿನ ಮೇಲೆ ಕೂತುಬಿಟ್ಟೆ. ತೋಪಿನ ಎರಡೂ ಕಡ್ಡಿ ಚಿಗುರದೆ ಕೊಳೆತು ಎಂದೋ ತಿಪ್ಪೆ ಸೇರಿದ್ದವು, ನಾನು ನಿಮಗೆ ಬಣ್ಣಿಸಿದ್ದು ನನ್ನ ಮಲಗೋವವನ್ನು. ನಿಮಗೆ ಮೊದಲ ಕಾರ್ಡಿನಲ್ಲೇ ಗೊತ್ತಾಗಿತ್ತು. ಆದರೂ ಪರಿಮಳ ಹೇಗಿದೆ, ಎಸಳು ಕಳಿಸಿ ಎಂದು ನನ್ನನ್ನು ಕುಣಿಸಿ ಕುಣಿಸಿ ನಕ್ಕಿರಿ. ನಗಬೇಕಾದ್ದೇ. ಈಗ ನಗುವುದಕ್ಕೂ ನಿಮ್ಮಲ್ಲಿ ಮರವಿಲ್ಲದಂತಾಯಿತಲ್ಲ ಬೀಗರೇ. ನನ್ನನ್ನು ನಂಬಿ ಕಳಿಸಿದ್ದಿರಿ.

ಕಡ್ಡಿ ಎಸೆದ ಜಾಗದಲ್ಲಿ ಏನಾದರೂ ಸಿಕ್ಕೀತೆಂದು ಹುಚ್ಚನ ಹಾಗೆ ತಿಪ್ಪೆ ಕೆದಕುತ್ತಿದ್ದೆ. ಮುನಿಗಂಗಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದು ನಿಂತಳು.

"ಏಮಯ್ಯಾ, ತಿಪ್ಪೇಲಿ ಏನ್ ಹುಡುಕ್ತಾ ಇದೀರಿ?"

"ಬೀಗರ ಕಡ್ಡಿ ಕಣೇ. ಮೂರನೇದು, ನಿನ್ ಕೈಗೆ ಕೊಟ್ಟಿದ್ನಲ್ಲ, ಏನ್ ಮಾಡ್ದೆ?"

"ಅದಾ? ಒಂದು ತುದಿ ಒಳ್ಳೆ ಚೂಪಾಗಿತ್ತು. ಬಚ್ಚಲ ಹಿಂದೆ ನನ್ ಹೀರೆ ಬಳ್ಳಿಗೆ ಊರುಗೋಲು ಕೊಟ್ಟೆ."

"ಆಮೇಲೆ?"

"ಆಮೇಲೇನು? ಬಳ್ಳಿ ಒಣಗ್ತು, ಊರುಗೋಲು ಚಿಗುರ್ತು. ಬನ್ನಿ ಈ ಕಡೆ."

ನಾನು ಬಚ್ಚಲ ಹಿಂದಕ್ಕೆ ಯಾವತ್ತು ಹೋಗಿದ್ದೇನೆ ಹೇಳಿ? ಅದು ಹೆಂಗಸರ ಜಾಗ. ಹೋಗಿ ನೋಡಿದರೆ ಬೀಗರೇ, ನನ್ನ ತಲೆಗಿಂತ ಎತ್ತರ! ಎಲೆ ಉದುರುತ್ತಿದೆ, ಆದರೂ ಕೊನೆಯ ನಾಲ್ಕು ಕಾಯಿ ಹಾಗೇ ಇದ್ದವು. ಅತ್ತೆ ಸೊಸೆ ಇಬ್ಬರೂ ಕಳೆದ ವರ್ಷದಿಂದ ಹಣ್ಣು ತಿನ್ನುತ್ತಿದ್ದಾರೆ! ನನಗೇಕೆ ಹೇಳಲಿಲ್ಲ ಎಂದರೆ ಭಾರತಿ ತಲೆ ತಗ್ಗಿಸಿ, "ತೋಪಿನಲ್ಲಿ ಹೂ ಬಿಟ್ಟಿದೆ ಅಂತ ನಮ್ಮಪ್ಪನಿಗೆ ಬರೆದಿದ್ರಲ್ಲ ಮಾವ, ಅದಕ್ಕೇ" ಎಂದಳು. ನನ್ನ ಮರ್ಯಾದೆ ಉಳಿಸಲು ಅಂಜೂರವನ್ನು ಕದ್ದು ತಿಂದಿದ್ದಾರೆ. ನಿಮ್ಮ ಮಗಳು ನಿಮ್ಮ ಮಗಳೇ. ಇಂಥ ಹುಡುಗಿಯನ್ನು ನಮ್ಮ ಶ್ರೀರಾಮಪ್ಪನಿಗೆ ಕೊಟ್ಟಿರಲ್ಲ, ನಿಮ್ಮ ಋಣ ನನ್ನ ಮೇಲೆ ಜನ್ಮವಿಡೀ ಇರಲಿ.

ಹಾಗಾಗಿ ಕೇಳಿ. ಅಂಜೂರ ಚೆನ್ನಾಗಿದೆ ಎಂದು ನಾನು ಬರೆದದ್ದರಲ್ಲಿ ಸುಳ್ಳೇನಿಲ್ಲ. ಗಿಡ ಇದ್ದ ಜಾಗ ಮಾತ್ರ ಸ್ವಲ್ಪ ಹೆಚ್ಚುಕಡಿಮೆ. ತೋಪಿನ ಉಪಚಾರ ಹಿಡಿಸದೆ ಬಚ್ಚಲಿಗೆ ನಡೆದುಕೊಂಡು ಬಂದಿರಬೇಕು.

ಸಂಕ್ರಾಂತಿ ಮುಗಿಸಿ ನಾನೇ ಬರುತ್ತೇನೆ, ಭಾರತಿಯನ್ನೂ ಕರೆದುಕೊಂಡು. ಇದ್ದಿಲ ಬಸ್ಸು ಕೆಟ್ಟರೆ ತಳ್ಳುತ್ತೇನೆ. ಕಡ್ಡಿ ನನ್ನ ತೊಡೆಯ ಮೇಲೆಯೇ ಬರುತ್ತದೆ, ಒದ್ದೆ ಬಟ್ಟೆಯಲ್ಲಿ. ಮಗಳ ಜೊತೆ ಕಡ್ಡಿ ಹೋಗುವುದು ಶಾಮಲಮ್ಮನವರ ಪದ್ಧತಿ. ಮಗಳು ತವರಿಗೆ ಬರುವಾಗಲೂ ತರಬಾರದೆಂದು ಅವರು ಹೇಳಿರಲಿಲ್ಲವಷ್ಟೆ?

ಅಲ್ಲಿಯವರೆಗೆ ಕೆಮ್ಮಣ್ಣು, ಮರಳು ಬೆರೆಸಿಡಿ. ಗೊಬ್ಬರ ಹಾಕಬೇಡಿ. ಕೊಡಗಟ್ಟಲೆ ನೀರು ಬೇಡ. ಇಂಥ ವಿಷಯಗಳು ನಿಮಗೆ ತಿಳಿಯಲಿಕ್ಕಿಲ್ಲ ಎಂದು ಬರೆಯುತ್ತಿದ್ದೇನೆ.

ಚನ್ನರಾಯಪ್ಪ


ಟೇಕಲ್
೧೯-೩-೧೯೪೪

ಪ್ರೀತಿಯ ಬೀಗರಿಗೆ ಅಶ್ವತ್ಥಪ್ಪನ ನಮಸ್ಕಾರ.

ನೀವು ಬಂದು ಹೋದ ಮೇಲೆ ಮನೆ ಎರಡು ದಿನ ಗುಂಯ್‌ಗುಡುತ್ತಿತ್ತು. ನಮ್ಮ ಪಾಯಸ ಈ ಸಲ ನೀರಾಗಿರಲಿಲ್ಲ ಎಂದು ನೀವು ಎಲ್ಲರೆದುರು ಒಪ್ಪಿಕೊಂಡದ್ದನ್ನು ಕೋದಂಡರಾಮಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಹೊಸ ಬಚ್ಚಲ ಗೋಡೆಯ ಹಿಂದೆ ಮಂಡಿಯೂರಿ ಕಡ್ಡಿ ನೆಟ್ಟು, ನನ್ನ ಕೈಯಿಂದ ಚೊಂಬು ಕಸಿದುಕೊಂಡು "ಸಾಕು, ಮುಳುಗಿಸಿಬಿಡ್ತೀರಿ" ಎಂದು ಗದರಿದಿರಲ್ಲ, ಆಗ ಭಾರತಿ ನಕ್ಕದ್ದು ಥೇಟು ಅವಳವ್ವನ ನಗು. ನನಗೆ ಕಣ್ಣಲ್ಲಿ ನೀರು ಬಂತು, ನೀವು ಕಂಡರೂ ಕಾಣದವರ ಹಾಗೆ ಇದ್ದಿರಿ. ಆ ಉಪಕಾರಕ್ಕೂ ಸೇರಿಸಿ ಈ ನಮಸ್ಕಾರ.

ನಿಮ್ಮ ಮೂರು ಕಾರ್ಡೂ ಬಂದವು. ಚಿಗುರಿತೇ, ಚಿಗುರಿತೇ ಎಂದು ಬರೆದರೆ ಕಡ್ಡಿಗೆ ಕಿವಿ ಕೇಳುವುದಿಲ್ಲ. ಕಾದೆ. ಕಿತ್ತು ನೋಡಬೇಕೆಂದು ಕೈ ತುರಿಸಿತು. ನೀವು ಬೈಯುತ್ತೀರೆಂದು ಬಿಟ್ಟೆ.

ಇಂದು ಬೆಳಿಗ್ಗೆ ಮುಖ ತೊಳೆಯಲು ಹೋದಾಗ ನೋಡಿದೆ. ಮೇಲಿನ ಗೆಣ್ಣು ಒಡೆದು ಉಗುರಿನಷ್ಟು ಎಲೆ ಹೊರಗೆ ಬಂದಿದೆ. ಚೊಂಬು ಅಲ್ಲೇ ಇಟ್ಟು ಬೆರಳ ತುದಿಯಿಂದ ಮುಟ್ಟಿದೆ, ಬೆಕ್ಕಿನ ನಾಲಿಗೆ. ಆಮೇಲೆ ಒಳಗೆ ಹೋಗಿ ಶಾಮಲಳ ಪಟದ ಮುಂದೆ ನಿಂತು, ಬಂತು ಕಣೇ ಎಂದೆ.

ಚಿಗುರು ಯಾವ ಬಣ್ಣ ಎಂದು ಕೇಳಿದ್ದೀರಿ. ಕೆಂಪು, ಬೀಗರೇ. ಹುಣಿಸೆಹಣ್ಣು ಹಾಕಿ ಉಜ್ಜಿಟ್ಟ ತಾಮ್ರದ ಚೊಂಬಿನ ಹಾಗೆ. ಯಾರು ಕೇಳಿದರೂ ನಾನು ಹಾಗೆಯೇ ಹೇಳುತ್ತೇನೆ.

ನಿಮ್ಮವ,
ಅಶ್ವತ್ಥಪ್ಪ